ಹೂದೋಟದಿಂದ ಆಲ್ಪ್ಸ್ ಪರ್ವತಕ್ಕೆ

ಸೈಕಲ್ಲು ನಮ್ಮ ಊರುಗಳಲ್ಲಿ ದುಡಿಯುವವರ ವಾಹನ. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಶಾಲೆಗೆ ಹೊರಟ ಮಗು ಎಲ್ಲವನ್ನೂ ಹೊತ್ತು ಸಾಗುವ ಈ ಬಡ ವಾಹನವೇ ಯುರೋಪಿನಲ್ಲಿ ಶತಮಾನಕ್ಕೂ ಮಿಗಿಲಾಗಿ ಒಂದು ಮಹಾಕ್ರೀಡೆಯ ಕೇಂದ್ರವಾಗಿದೆ. 1903ರಲ್ಲಿ ಆರಂಭವಾದ 'ಟೂರ್ ದ ಫ್ರಾನ್ಸ್' ಸ್ಪರ್ಧೆಯಲ್ಲಿ ಸವಾರರು ಸುಮಾರು ಮೂರು ವಾರ ಕಾಲ ಫ್ರಾನ್ಸ್ ದೇಶವನ್ನು ಸುತ್ತುತ್ತಾರೆ. ಪ್ರತಿದಿನದ ಓಟಕ್ಕೂ ಒಬ್ಬ ವಿಜೇತನಿರುತ್ತಾನೆ. ಎಲ್ಲ ದಿನಗಳ ಸಮಯವನ್ನು ಕೂಡಿಸಿದಾಗ ಯಾರದು ಅತಿ ಕಡಿಮೆಯೋ ಅವನಿಗೆ ಒಟ್ಟು ಪ್ರಶಸ್ತಿ.

ಇದು ಒಬ್ಬೊಬ್ಬನೇ ಆಡುವ ಆಟದಂತೆ ಕಂಡರೂ ನಿಜಕ್ಕೂ ತಂಡದ ಕಾರ್ಯ. ಸಮತಟ್ಟಾದ ದಾರಿಯಲ್ಲಿ ಸವಾರನ ಮುಖ್ಯ ಶತ್ರು ಗಾಳಿ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಶ್ರಮದಲ್ಲಿ ಗಣನೀಯ ಪಾಲು ಉಳಿಯುತ್ತದೆ. ಆದುದರಿಂದ ತಂಡದ ಉಳಿದ ಸವಾರರು ತಮ್ಮ ನಾಯಕನಿಗೆ ಗಾಳಿ ತಾಗದಂತೆ ಮುಂದೆ ನಿಂತು ತುಳಿಯುತ್ತಾರೆ, ನೀರು ತಂದುಕೊಡುತ್ತಾರೆ, ಅವನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುತ್ತಾರೆ. ತಮ್ಮ ಗೆಲುವಿನ ಆಸೆಯನ್ನು ಬದಿಗಿಟ್ಟು ದುಡಿಯುವ ಇವರನ್ನು ನೆನೆದಾಗ ನಮಗೆ ದಾಸೋಹ ಎಂಬ ಮಾತು ನೆನಪಾಗದೆ ಇರದು. ಆದರೆ ಇವರೆಲ್ಲ ಸಂಬಳ ಪಡೆಯುವ ವೃತ್ತಿನಿರತರು ಎಂಬುದನ್ನೂ ಮರೆಯಬಾರದು.

ಆ ಕಾಲದಲ್ಲಿ ಸೈಕಲ್ ಕ್ರೀಡೆಯು ಎರಡು ಲೋಕಗಳಾಗಿ ಒಡೆದುಕೊಂಡಿತ್ತು. ವೃತ್ತಿನಿರತರು ಟೂರ್‌ನಂತಹ ಸ್ಪರ್ಧೆಗಳಿಗೆ, ಹವ್ಯಾಸಿಗಳು ಒಲಿಂಪಿಕ್ಸ್ ಮುಂತಾದವುಗಳಿಗೆ. ಕಾಯಕವನ್ನೇ ಪೂಜೆಯೆಂದು ಬಗೆದ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ, ಕೂಲಿ ಪಡೆದು ಆಡಿದ ಆಟ ಒಂದು ಮೆಟ್ಟಿಲು ಕೆಳಗೆ, ಕೂಲಿಯಿಲ್ಲದೆ ಆಡಿದ್ದು ಮೇಲೆ ಎಂಬ ಒಲಿಂಪಿಕ್ಸ್‌ನ ಆ ಹಳೆಯ ನೀತಿ ವಿಚಿತ್ರವಾಗಿ ತೋರುತ್ತದೆ. ಅದು ಹೇಗೇ ಇರಲಿ, 1983ರಲ್ಲಿ ಟೂರ್‌ನ ಬಾಗಿಲು ಹವ್ಯಾಸಿ ತಂಡಗಳಿಗೂ ತೆರೆಯಿತು. ಆ ಕರೆಗೆ ಓಗೊಟ್ಟು ಬಂದದ್ದು ಒಂದೇ ಒಂದು ತಂಡ. ಅದು ದೂರದ ದಕ್ಷಿಣ ಅಮೆರಿಕದ ಕೊಲಂಬಿಯದ್ದು.

ಕೊಲಂಬಿಯ ಪರ್ವತಗಳ ದೇಶ. ರಾಜಧಾನಿ ಬೊಗೊಟಾ ಇರುವುದೇ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿ. 1951ರಲ್ಲಿ ಅಲ್ಲಿ ದೇಶ ಸುತ್ತುವ ಸೈಕಲ್ ಸ್ಪರ್ಧೆಯನ್ನು ಯೋಜಿಸಿದಾಗ ಅಂತಹ ದಾರಿಗಳಲ್ಲಿ ಸೈಕಲ್ ಏರೀತೇ ಎಂಬ ಸಂದೇಹ ಹುಟ್ಟಿತು. ಎಫ್ರಾಯಿನ್ ಫೊರೆರೊ ಎಂಬ ಸವಾರ ಲೆತ್ರಾಸ್ ಎಂಬ ಭೀಕರ ಘಟ್ಟವನ್ನು ಮೊದಲೇ ಏರಿ ತೋರಿಸಿದರು. ಬಳಿಕ ನಡೆದ ಮೊದಲ ಸ್ಪರ್ಧೆಯನ್ನು ಗೆದ್ದವರೂ ಅವರೇ. ಅಂದಿನಿಂದ ಆ ದೇಶದ ಬಡ ರೈತರ ಮಕ್ಕಳಿಗೆ ಸೈಕಲ್ಲೇ ಕನಸಾಯಿತು. ಈ ಸವಾರರ ಬಲವರ್ಧಕ ಯಾವುದು ಗೊತ್ತೇ? ಬೆಲ್ಲ! ಅವರು ಅದನ್ನು 'ಪನೇಲಾ' ಎನ್ನುತ್ತಾರೆ. ಕಬ್ಬಿನ ರಸವನ್ನು ಕಾಯಿಸಿ ಅಚ್ಚಿಗೆ ಹೊಯ್ದ ಪದಾರ್ಥವೇ ಅದು. ಅದನ್ನು ನೀರಿನಲ್ಲಿ ಕರಗಿಸಿ ಕುಡಿಯುತ್ತಾರೆ. ಬಿಸಿಲಿನಲ್ಲಿ ಬಂದ ಅತಿಥಿಗೆ ಬೆಲ್ಲ ನೀರು ಕೊಡುವ ನಮ್ಮ ತಾಯಂದಿರು ಇದನ್ನು ಓದಿ ನಸುನಗಬಹುದು.

ಆದರೆ 1983ರಲ್ಲಿ ಬೆಲ್ಲವೂ ಪರ್ವತದ ಉಸಿರೂ ಸಾಲಲಿಲ್ಲ. ಘಟ್ಟಗಳು ಬರುವ ಮುನ್ನ ಉತ್ತರ ಫ್ರಾನ್ಸಿನ ಬಯಲು, ಅಡ್ಡಗಾಳಿ, ರೂಬೆ ಪಟ್ಟಣದ ಕಡೆಗಿನ ಒರಟು ಕಲ್ಲುಹಾಸಿನ ದಾರಿ. ನೂರಾರು ಸವಾರರು ಒತ್ತೊತ್ತಾಗಿ ಮಿಂಚಿನ ವೇಗದಲ್ಲಿ ನುಗ್ಗುವ ಗುಂಪಿನಲ್ಲಿ ಸ್ಥಾನ ಹಿಡಿದುಕೊಳ್ಳುವ ವಿದ್ಯೆ ಇವರಿಗೆ ತಿಳಿದಿರಲಿಲ್ಲ. ಪೆಟ್ಟು ತಿಂದರು, ಹಿಂದುಳಿದರು. ಆದರೂ ಪಿರನೀಸ್ ಪರ್ವತಗಳು ಎದುರಾದಾಗ ಟೂರ್ಮಲೆ ಘಟ್ಟದ ತುದಿಯನ್ನು ಎಲ್ಲರಿಗಿಂತ ಮೊದಲು ದಾಟಿದವರು ಅದೇ ತಂಡದ ಪತ್ರೊಸಿನಿಯೊ ಹಿಮೆನೆಸ್. ಘಟ್ಟಗಳ ಸ್ಪರ್ಧೆಯಲ್ಲಿ ಅವರಿಗೆ ಎರಡನೆಯ ಸ್ಥಾನ ಸಂದಿತು.

ಮರುವರ್ಷದ ಬೇಸಿಗೆಯಲ್ಲಿ ಕತೆ ಬದಲಾಯಿತು. 1984ರ ಜೂನ್ ತಿಂಗಳಲ್ಲಿ, ಟೂರ್‌ಗೆ ಪೂರ್ವಸಿದ್ಧತೆ ಎನಿಸುವ ದೋಫಿನೆ ಎಂಬ ಹಲವು ದಿನಗಳ ಸ್ಪರ್ಧೆಯನ್ನು ಮಾರ್ತಿನ್ ರಾಮಿರೆಸ್ ಎಂಬ ಕೊಲಂಬಿಯದ ಹವ್ಯಾಸಿ ಗೆದ್ದುಬಿಟ್ಟರು. ಕೇವಲ 27 ಸೆಕೆಂಡುಗಳ ಅಂತರದಲ್ಲಿ ಸೋತವರು ಬರ್ನಾರ್ ಇನೋ! ಅಷ್ಟರಲ್ಲೇ ನಾಲ್ಕು ಬಾರಿ ಟೂರ್ ಗೆದ್ದಿದ್ದ ಫ್ರಾನ್ಸಿನ ಆ ಮಹಾವೀರನನ್ನು ಸಂಬಳವಿಲ್ಲದ ಸವಾರನೊಬ್ಬ ಮಣಿಸಿದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು.

ಆ ವರ್ಷದ ಟೂರ್‌ಗೆ ಬಂದ ಕೊಲಂಬಿಯದ ತಂಡದಲ್ಲಿ ಲೂಯಿಸ್ ಹೆರೆರಾ ಎಂಬ 23ರ ಯುವಕನಿದ್ದರು. ಹುಟ್ಟೂರು ಫುಸಾಗಾಸುಗಾ, ಹೂಗಿಡಗಳಿಗೆ ಹೆಸರಾದ ಪಟ್ಟಣ. ತೋಟದಲ್ಲಿ ಹೂಗಿಡಗಳ ಆರೈಕೆ ಮಾಡುತ್ತಿದ್ದ ಇವರನ್ನು ಜನ 'ಪುಟ್ಟ ತೋಟಗಾರ' ಎಂದೇ ಕರೆಯುತ್ತಿದ್ದರು. ಮಿತಭಾಷಿ, ಸಣಕಲು ದೇಹ.

ಜುಲೈ 16, ಸೋಮವಾರ. ಗ್ರನೋಬ್ಲ್ ನಗರದಿಂದ ಆಲ್ಪ್ ದುಯೆಜ್ ಶಿಖರಕ್ಕೆ 151 ಕಿಲೋಮೀಟರ್ ಓಟ. ಕೊನೆಯ ಸುಮಾರು 14 ಕಿಲೋಮೀಟರ್ 21 ತಿರುವುಗಳ ಕಡಿದಾದ ಏರು. ಪ್ರತಿ ನೂರು ಮೀಟರಿಗೆ ಎಂಟು ಮೀಟರ್ ಮೇಲೇರಬೇಕು. ಏರಿಗೆ ಮುಂಚಿನ ಕಣಿವೆಯಲ್ಲೇ ಇನೋ ಮುನ್ನುಗ್ಗಿದರು. ಹಿಂದಿನ ವರ್ಷದ ವಿಜೇತ ಲೊರಾಂ ಫಿನ್ಯೋ ಅವರನ್ನು ಹಿಡಿದರು. ಇಬ್ಬರು ದಿಗ್ಗಜರ ಈ ಹಗೆಯ ನಡುವೆ ಹೆರೆರಾ ಏರಿನಲ್ಲಿ ಒಂಟಿಯಾಗಿ ಮುಂದೆ ಸರಿದರು. ಅಂತಹ ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಯ ಕಾಟ ಕಡಿಮೆ. ಮುಂದೆ ನಿಂತು ರಕ್ಷಿಸುವ ಸಂಗಡಿಗರಿಂದ ದೊಡ್ಡ ಉಪಯೋಗವಿಲ್ಲ. ದೇಹದ ಹಗುರ, ಉಸಿರಿನ ಶಕ್ತಿ ಇವೇ ಆಧಾರ. ಆ ಶಿಖರದ ಎತ್ತರ ಸುಮಾರು 1,850 ಮೀಟರ್. ಹೆರೆರಾ ಅವರ ಹೂದೋಟದ ಊರು ಇರುವುದೇ 1,700 ಮೀಟರ್ ಎತ್ತರದಲ್ಲಿ! ಬಯಲಿನವರಿಗೆ ಎಲ್ಲಿ ಉಸಿರು ಕಟ್ಟುತ್ತಿತ್ತೋ ಅಲ್ಲಿ ಅವರು ಮನೆಯ ಗಾಳಿಯನ್ನು ಉಸಿರಾಡುತ್ತಿದ್ದರು.

ಫ್ರಾನ್ಸಿನಲ್ಲಿ ಸಂಜೆಯಾಗುತ್ತಿದ್ದಾಗ ಕೊಲಂಬಿಯದಲ್ಲಿ ಇನ್ನೂ ಬೆಳಗಿನ ಹೊತ್ತು. ಅವರ ರೇಡಿಯೊ ವೀಕ್ಷಕ ವಿವರಣೆಗಾರರು ಸಾಗರ ದಾಟಿ ಬಂದು ಅಲ್ಲಿಂದಲೇ ವಿವರಿಸುತ್ತಿದ್ದರು. ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಕ್ರಿಕೆಟ್ ಕೇಳಿದ ನಮ್ಮ ಪೀಳಿಗೆಯವರಿಗೆ ಆ ಬೆಳಗಿನ ತಳಮಳವನ್ನು ಬಿಡಿಸಿ ಹೇಳಬೇಕಿಲ್ಲ. ಹೆರೆರಾ ಗುರಿ ಮುಟ್ಟಿದ 49 ಸೆಕೆಂಡುಗಳ ನಂತರ ಫಿನ್ಯೋ ಬಂದರು. ಇನೋ ಮೂರೂವರೆ ನಿಮಿಷಕ್ಕೂ ಹಿಂದೆ ಬಿದ್ದಿದ್ದರು. ಟೂರ್‌ನಲ್ಲಿ ಕೊಲಂಬಿಯದವರೊಬ್ಬರು ಒಂದು ದಿನದ ಓಟ ಗೆದ್ದದ್ದು ಅದೇ ಮೊದಲು.

ಒಟ್ಟು ಸ್ಪರ್ಧೆಯನ್ನು ಗೆದ್ದವರು ಮಾತ್ರ ಫಿನ್ಯೋ. ಒಂದು ದಿನದ ಶಿಖರವನ್ನು ಒಬ್ಬನೇ ಗೆಲ್ಲಬಹುದು, ಮೂರು ವಾರಗಳ ಬಯಲು, ಗಾಳಿ, ಕಲ್ಲುಹಾಸುಗಳಿಗೆ ಬಲವಾದ ತಂಡ ಬೇಕು ಎಂಬುದು ಕೊಲಂಬಿಯದವರಿಗೂ ತಿಳಿಯಿತು. 1985ರಲ್ಲಿ ಅಲ್ಲಿನ ಕಾಫಿ ಬೆಳೆಗಾರರ ನೆರವಿನ ವೃತ್ತಿನಿರತ ತಂಡ ಸಿದ್ಧವಾಯಿತು. ಹೆರೆರಾ ಹವ್ಯಾಸಿ ಎಂಬ ಪಟ್ಟವನ್ನು ಬಿಟ್ಟು ಅದನ್ನು ಸೇರಿದರು. ಆ ವರ್ಷ ಟೂರ್‌ನ ಘಟ್ಟಗಳ ಪ್ರಶಸ್ತಿ ಅವರದಾಯಿತು. 1987ರಲ್ಲಿ ಸ್ಪೇನ್ ದೇಶ ಸುತ್ತುವ 'ವುಯೆಲ್ತಾ' ಮಹಾಸ್ಪರ್ಧೆಯ ಒಟ್ಟು ಪ್ರಶಸ್ತಿಯನ್ನೇ ಗೆದ್ದರು. ಟೂರ್ ದ ಫ್ರಾನ್ಸ್‌ನ ಒಟ್ಟು ಪ್ರಶಸ್ತಿ ಕೊಲಂಬಿಯಕ್ಕೆ ದಕ್ಕಲು 2019ರವರೆಗೆ ಕಾಯಬೇಕಾಯಿತು. ಅದನ್ನು ತಂದವರು 22 ವರ್ಷದ ಎಗಾನ್ ಬೆರ್ನಾಲ್.