ಮೊಣಕಾಲಿನ ಸದ್ದು: ಸಹಜವಾದುದು ಯಾವುದು, ಎಚ್ಚರಿಕೆ ಯಾವುದು?

ಪ್ರಸಾದ ಸ್ವೀಕರಿಸಿ ಪಂಕ್ತಿಯಿಂದ ಮೇಲೇಳುವಾಗ ಮೊಣಕಾಲು ‘ಲಟಕ್’ ಎಂದರೆ ಅನೇಕ ಸದ್ಭಕ್ತರು ಗಾಬರಿಗೊಳ್ಳುತ್ತಾರೆ. ‘ಕೀಲಿನ ಎಣ್ಣೆ ಬತ್ತಿತು’ ಎಂದು ಭಾವಿಸಿ ನಡಿಗೆಯನ್ನೇ ನಿಲ್ಲಿಸಿದವರನ್ನೂ ನಾವು ಕಂಡಿದ್ದೇವೆ. ನೋವಾಗಲಿ ಬಾವಾಗಲಿ ಇಲ್ಲದ ಸದ್ದು ಸಾಮಾನ್ಯವಾಗಿ ರೋಗವಲ್ಲ. ಸದ್ದಿಗಿಂತಲೂ ಅದರೊಡನೆ ಬರುವ ಲಕ್ಷಣಗಳನ್ನು ಗಮನಿಸುವುದು ಮುಖ್ಯ.

ತೊಡೆಯ ಮೂಳೆ, ಕೆಳಗಾಲಿನ ಮೂಳೆ ಹಾಗೂ ಮೊಣಕಾಲ ಚಿಪ್ಪು ಸೇರಿ ಈ ಕೀಲು ಆಗಿದೆ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದ್ದು, ನಡುವೆ ಕೀಲುದ್ರವವಿರುತ್ತದೆ. ಕೀಲಿನೊಳಗಿನ ಒತ್ತಡ ಥಟ್ಟನೆ ತಗ್ಗಿದಾಗ, ದ್ರವದಲ್ಲಿ ಕರಗಿರುವ ಅನಿಲ ಗುಳ್ಳೆಯಾಗಿ ಸದ್ದು ಹುಟ್ಟುತ್ತದೆ. ಬೆರಳಿನ ನೆಟಿಕೆ ಮುರಿದಾಗ ಕೇಳುವುದೂ ಇಂಥದೇ ಸದ್ದು. ಸ್ನಾಯುರಜ್ಜು ಮೂಳೆಯ ಉಬ್ಬಿನ ಮೇಲೆ ಜಾರಿದಾಗಲೂ ಸದ್ದಾಗುವುದುಂಟು. ಇವುಗಳಿಂದ ಅಪಾಯವಿಲ್ಲ.

ಆದರೆ ಮೂರು ಸಂದರ್ಭಗಳಲ್ಲಿ ಅಲಕ್ಷ್ಯ ಸಲ್ಲದು.

ಒಂದು, ಕಬಡ್ಡಿಯಂಥ ಆಟದಲ್ಲಿ ಕಾಲು ತಿರುಚಿ ‘ಟಪ್’ ಎಂಬ ಸದ್ದು ಬಂದು, ಕೆಲವೇ ಗಂಟೆಗಳಲ್ಲಿ ಮೊಣಕಾಲು ಬಾತು, ಊರಿದ ಕಾಲು ಕುಸಿದಂತಾಗುವುದು. ಇದು ಅಸ್ಥಿರಜ್ಜು ಹರಿದಿರುವ ಸೂಚನೆಯಾಗಿರಬಹುದು.

ಎರಡು, ಕೀಲು ಸಿಕ್ಕಿಕೊಂಡು ಕಾಲು ನೀಡಲು ಬಾರದಿರುವುದು. ಕೀಲಿನೊಳಗೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೃದ್ವಸ್ಥಿ ಹರಿದಾಗ ಹೀಗಾಗುವುದುಂಟು.

ಮೂರು, ಐವತ್ತು ದಾಟಿದವರಲ್ಲಿ ಕರಕರ ಸದ್ದಿನೊಡನೆ ಮೆಟ್ಟಿಲೇರುವಾಗ ನೋವು, ಬೆಳಗ್ಗೆ ಎದ್ದಾಗ ತುಸುಹೊತ್ತು ಬಿಗಿತ. ಇದು ಕೀಲು ಸವೆತದ ಲಕ್ಷಣವಾಗಿರಬಹುದು.

ಪೆಟ್ಟಾದ ಕೂಡಲೇ ಕಾಲಿಗೆ ವಿಶ್ರಾಂತಿ ನೀಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬೇಕು. ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಕು. ಎಳೆದು ಕೂಡಿಸುವುದು, ಬಲವಾಗಿ ತಿಕ್ಕುವುದು ಬೇಡ. ಹರಿದ ಭಾಗಕ್ಕೆ ಇನ್ನಷ್ಟು ಹಾನಿಯಾದೀತು. ತಡಮಾಡದೆ ಮೂಳೆತಜ್ಞರನ್ನು ಕಾಣಬೇಕು. ಕೀಲು ಬಿಸಿಯಾಗಿ, ಕೆಂಪಾಗಿ ಬಾತು, ಜ್ವರವೂ ಇದ್ದರೆ ಅಂದೇ ಆಸ್ಪತ್ರೆಗೆ ಹೋಗುವುದು ಅವಶ್ಯ.

ಬರಿಯ ಸದ್ದಿಗೆ ಹೆದರಿ ನಡಿಗೆ ನಿಲ್ಲಿಸಿದರೆ ತೊಡೆಯ ಸ್ನಾಯುಗಳು ಸೊರಗಿ, ಮೊಣಕಾಲಿಗೆ ಆಸರೆ ತಪ್ಪುತ್ತದೆ. ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ನೀಡಿ 5 ಸೆಕೆಂಡು ಹಿಡಿದು ಇಳಿಸುವುದನ್ನು ದಿನವೂ 10 ಬಾರಿ ಮಾಡಬಹುದು. ದೇಹದ ತೂಕವನ್ನು ಹತೋಟಿಯಲ್ಲಿಡುವುದೂ ಮುಖ್ಯ. ಕೆಳಗೆ ಕೂರಲು ಆಗದ ಹಿರಿಯರು ಪೂಜೆಗೂ ಪ್ರಸಾದಕ್ಕೂ ಸಂಕೋಚವಿಲ್ಲದೆ ಕುರ್ಚಿಯನ್ನು ಬಳಸಬೇಕೆಂದು ನಾವು ವಿನಂತಿಸುತ್ತೇವೆ.