ದಿವಾದಲ್ಲಿ ಮನೆ, ಇಂಡಿಯಲ್ಲಿ ಹೊಲ: ಕಿಸಾನ್ ಹಣ ಎಲ್ಲಿ ಹೋಯಿತು?

ಮುಂಬೈ ಹತ್ತಿರದ ದಿವಾ ಪೂರ್ವದ ನಮ್ಮ ಚಾಳಿನಲ್ಲಿ ಗಾರೆ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಅವರಿಗೆ ಮೂರು ಎಕರೆ ಹೊಲ. ಪಿಎಂ-ಕಿಸಾನ್ ಸಮ್ಮಾನ್ ನಿಧಿಯ ಹಣ ನಿಂತುಹೋಗಿದೆ ಎಂದು ಊರಿನ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದರು. ಹುಡುಕಿದರೆ ಹಣ ನಿಂತೇ ಇರಲಿಲ್ಲ. ಪಗಾರಕ್ಕೆಂದು ಇಲ್ಲಿ ತೆರೆದಿದ್ದ ಖಾತೆಯಲ್ಲಿ ಎರಡು ಕಂತು ಬಂದು ಕೂತಿತ್ತು.

ಆಗಿದ್ದಿಷ್ಟೇ. ಹಣ ಬರುವುದು ಆಧಾರ್ ಸಂಖ್ಯೆಯ ಜಾಡು ಹಿಡಿದು, ಮತ್ತು ಒಂದು ಆಧಾರಿಗೆ ಪಾವತಿ ನಿಗಮ ಎನ್‌ಪಿಸಿಐ ಪಟ್ಟಿಯಲ್ಲಿ ಒಂದೇ ಬ್ಯಾಂಕ್. ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಣೆಗೆ ಸಹಿ ಹಾಕಿದಿರೋ ಅಲ್ಲಿಗೇ ಸಬ್ಸಿಡಿ ಹೋಗುತ್ತದೆ. ಅದು ಯಾವ ಬ್ಯಾಂಕೆಂದು ಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೋರಿಸುತ್ತದೆ. ಹಣ ಬಂದಿಲ್ಲವೆನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ.

ಯೋಜನೆ ಶುರುವಾದದ್ದು 2019ರ ಫೆಬ್ರವರಿ 24ರಂದು. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಇಬ್ಬರ ಹೆಸರಲ್ಲೂ ಹೊಲವಿದ್ದರೂ ಸಿಗುವುದು ಒಬ್ಬರಿಗೆ. ದಿವಾದಲ್ಲಿ ಬಾಡಿಗೆಗಿದ್ದೀರಿ ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ. ಆದರೆ ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದ್ದರೆ ತಪ್ಪುತ್ತದೆ.

ಇ-ಕೆವೈಸಿ ಕಡ್ಡಾಯ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಒಟಿಪಿಯಲ್ಲೇ ಮುಗಿಯುತ್ತದೆ. ಕಾಕಾನ ಹಳೆಯ ಸಿಮ್ ಕಳೆದುಹೋಗಿತ್ತು. ಸೇವಾ ಕೇಂದ್ರದಲ್ಲಿ ಬೆರಳು ಒತ್ತಿದರು. ಸಿಮೆಂಟು ತಿಂದು ಸವೆದ ಬೆರಳು, ಅಚ್ಚು ಹತ್ತಲೇ ಇಲ್ಲ. ಮತ್ತೊಮ್ಮೆ ಒರೆಸಿ ಒತ್ತಿದರು, ಇನ್ನೊಂದು ಬೆರಳು ಇಟ್ಟರು, ಆಗಲಿಲ್ಲ. ದುಡಿದ ಕೈಯೇ ಗುರುತಿಗೆ ಅಡ್ಡ ಬಂದದ್ದು ನೋಡಿ ನನಗೆ ಸಂಕಟವಾಯಿತು. 2023ರಿಂದ ಪಿಎಂ-ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಕೆವೈಸಿ ಮಾಡಬಹುದು; ಅವರ ಮಗನ ಫೋನಿನಲ್ಲಿ ಹಾಗೇ ಮುಗಿಸಿದೆವು.

ಇಲ್ಲಿ ಕೂತು ಮುಗಿಯದ ಕೆಲಸವೆಂದರೆ ಪಹಣಿಯದು. ತೀರಿಕೊಂಡ ಅಪ್ಪನ ಹೆಸರಲ್ಲೇ ಹೊಲವಿದ್ದರೆ ನಿಮಗೆ ಹಣ ಬರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಮಾಡಿಸಬೇಕು. 2019ರ ಫೆಬ್ರವರಿ 1ರ ನಂತರ ಕೊಂಡ ಅಥವಾ ದಾನವಾಗಿ ಬಂದ ಜಮೀನಿಗೆ ಈ ಹಣವಿಲ್ಲ, ಮಾಲೀಕರು ತೀರಿಕೊಂಡು ವಾರಸಾಗಿ ಬಂದದ್ದಕ್ಕೆ ಉಂಟು.

ಪಕ್ಕದ ಮನೆಯ ಮರಾಠಿ ರೈತರಿಗೆ 12,000 ಬರುತ್ತದಲ್ಲ ಎಂದು ಹಲವರು ಕೇಳುತ್ತಾರೆ. 2023ರಿಂದ ಮಹಾರಾಷ್ಟ್ರ ಸರ್ಕಾರ ‘ನಮೋ ಶೇತಕರಿ’ ಹೆಸರಲ್ಲಿ ಇನ್ನೊಂದು 6,000 ಸೇರಿಸುತ್ತಿದೆ, ಆದರೆ ಅದು ಮಹಾರಾಷ್ಟ್ರದ ಜಮೀನಿಗೆ ಮಾತ್ರ. ಕರ್ನಾಟಕ 2019ರಲ್ಲಿ ಆರಂಭಿಸಿದ್ದ ಹೆಚ್ಚುವರಿ 4,000 ಈಗ ಇಲ್ಲ.

ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ ರೈತ ಸಂಪರ್ಕ ಕೇಂದ್ರಕ್ಕೂ ಒಮ್ಮೆ ಹೋಗಿ. ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ, ನಿಮ್ಮ ಎಫ್‌ಐಡಿ ಅಂದರೆ ರೈತ ಗುರುತಿನ ಸಂಖ್ಯೆಯಡಿ, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ಕೇಳಿ. 2023ರ ಬರಕ್ಕೆ ಪರಿಹಾರ ಹಂಚಿದ್ದೂ ಅದೇ ಲೆಕ್ಕ ನೋಡಿ. ಕಾಕಾನ ಎರಡನೆಯ ತುಂಡು, ಹಳ್ಳದ ಕಡೆಯ ಒಂದೆಕರೆ, ಅದರಲ್ಲಿ ಇರಲೇ ಇಲ್ಲ.