ಪ್ರವೇಶ ಕಾರ್ಡಿನ ವಿಳಂಬಕ್ಕೆ ಕಾರಣವೇನು?

ಪ್ರಶ್ನೆ: ಅಮೆರಿಕದ ಸರ್ಕಾರಿ ಕಚೇರಿಗೆ ಸೇರಿದವರಿಗೆ ಪ್ರವೇಶ ಕಾರ್ಡ್ ತಡವಾಗುವುದೇಕೆ? ತಪ್ಪಿಸುವುದು ಹೇಗೆ?

ಉತ್ತರ: ಒಕ್ಕೂಟ ಸರ್ಕಾರದ ನೌಕರರಿಗೂ ಗುತ್ತಿಗೆ ಸಿಬ್ಬಂದಿಗೂ ಏಕರೂಪದ ಗುರುತಿನ ವ್ಯವಸ್ಥೆಯಿರಬೇಕೆಂದು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ 2004ರ ಆಗಸ್ಟ್‌ನಲ್ಲಿ ಹೊರಡಿಸಿದ ನಿರ್ದೇಶನದಿಂದ ರೂಪುಗೊಂಡ ‘ಪಿಐವಿ’ ಎಂಬ ಚಿಪ್ ಕಾರ್ಡನ್ನು ಕಟ್ಟಡದ ಪ್ರವೇಶಕ್ಕೂ ಕಂಪ್ಯೂಟರ್ ಬಳಕೆಗೂ ಉಪಯೋಗಿಸುವುದರಿಂದ, ಅದನ್ನು ಪಡೆಯುವವರ ಗುರುತು, ಪೂರ್ವಾಪರಗಳೆರಡನ್ನೂ ಮೊದಲೇ ಪರಿಶೀಲಿಸಲಾಗುತ್ತದೆ. ವಿಳಂಬ ಬಹುಮಟ್ಟಿಗೆ ಹುಟ್ಟುವುದು ಇಲ್ಲಿಯೇ. ನೋಂದಣಿಯಲ್ಲಿ, ಅಂದರೆ ಭಾವಚಿತ್ರ ಮತ್ತು ಬೆರಳಚ್ಚು ನೀಡುವ ಹಂತದಲ್ಲಿ, ಎರಡು ಗುರುತು ದಾಖಲೆಗಳ ಮೂಲಪ್ರತಿಗಳನ್ನೇ ತೋರಿಸಬೇಕು. ಅವಧಿ ಮುಗಿದ ದಾಖಲೆ ಸಲ್ಲದು, ಎರಡರಲ್ಲಿ ಹೆಸರು ಬೇರೆಯಾಗಿದ್ದರೆ ಆ ಬದಲಾವಣೆಗೆ ವಿವಾಹ ಪ್ರಮಾಣಪತ್ರದಂತಹ ಪುರಾವೆ ಬೇಕು. ತಂದೆಯ ಅಥವಾ ಊರಿನ ಹೆಸರನ್ನು ಒಂದೆಡೆ ಇನಿಷಿಯಲ್ ಆಗಿ, ಮತ್ತೊಂದೆಡೆ ಪೂರ್ಣವಾಗಿ ಬರೆಸಿರುವ ಅಲ್ಲಿನ ಕನ್ನಡಿಗರು ಇದನ್ನು ನೌಕರಿಗೆ ಸೇರುವ ಮೊದಲೇ ಸರಿಪಡಿಸಿಕೊಳ್ಳುವುದು ನಿಜಕ್ಕೂ ಅಗತ್ಯ. ಬೆರಳಚ್ಚಿನ ತಪಾಸಣೆ ಅನುಕೂಲಕರವಾಗಿ ಮುಗಿದು ಹಿನ್ನೆಲೆ ತನಿಖೆ ಆರಂಭವಾಗಿದ್ದರೆ, ತನಿಖೆ ಪೂರ್ಣಗೊಳ್ಳುವ ಮೊದಲೇ ಕಾರ್ಡ್ ನೀಡಲು ಅವಕಾಶವಿದೆ. ಆದ್ದರಿಂದ ಹಿಂದಿನ ವಾಸಸ್ಥಳ, ಉದ್ಯೋಗಗಳ ವಿವರ ಕೇಳುವ ತನಿಖಾ ಅರ್ಜಿಯನ್ನು ದಿನಾಂಕಗಳ ನಡುವೆ ಅಂತರ ಬಿಡದೆ ತುಂಬಿ ಬೇಗ ಸಲ್ಲಿಸಿದವರಿಗೆ ಕಾಯುವ ಕಾಲ ಕಡಿಮೆಯಾಗುತ್ತದೆ.